ಖಾಲಿ ಬಿಟ್ಟ ಪುಟ

ತಮ್ಮಾ,

ಬಿಡುಗಡೆಗೆ ಮುಂಚೆ ನೀನು ತೋರಿಸಿದ ಸಿನಿಮಾ ನೋಡಿ ಬಂದೆ. ಕೊನೆಯಲ್ಲಿ ಮಗಳ ಹೆಣದ ಮುಂದೆ ರಾಜ ಅಷ್ಟುದ್ದ ಭಾಷಣ ಬಿಗಿಯುತ್ತಾನಲ್ಲ, ಅದನ್ನು ಬರೆದ ಪುಣ್ಯಾತ್ಮ ಯಾರು?

ಸಿನಿಮಾ ಮಾಡಲು ಆ ನಾಟಕದ ಪ್ರತಿ ಕೊಟ್ಟವಳು ನಾನು. ಕೊನೆಯ ಪುಟ ಯಾಕೆ ಖಾಲಿ ಅಂತ ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? "ಕಳೆದುಹೋದ ದೃಶ್ಯ ನಾನೇ ತುಂಬಿದೆ" ಅಂತ ಪೇಪರಿನಲ್ಲಿ ಬೇರೆ ಕೊಚ್ಚಿಕೊಂಡಿದ್ದೀಯ.

ಏನೂ ಕಳೆದಿರಲಿಲ್ಲ ಕಣೋ. ದೊಡ್ಡಕ್ಕ ತೀರಿಕೊಂಡ ವಾರವೇ ಅಪ್ಪ ರಾಜನ ಪಾತ್ರ ಮಾಡಿದರು. ನೀನಾಗ ತೊಟ್ಟಿಲಲ್ಲಿದ್ದೆ. ಮಗಳ ಹೆಣದ ಮುಂದಿನ ಆ ಜಾಗದಲ್ಲಿ ಅವರಿಗೆ ಮಾತೇ ಹೊರಡಲಿಲ್ಲ. ಪರದೆ ಮರೆಯಿಂದ ನಾನು ಮೂರು ಸಲ ಹೇಳಿಕೊಟ್ಟೆ. ಮರುದಿನ ಅವರೇ ಆ ಪುಟದ ಮೇಲೆ ಬಿಳಿ ಕಾಗದ ಅಂಟಿಸಿದರು. ಆಮೇಲೆ ನಮ್ಮ ನಾಟಕ ಕಂಪನಿಯಲ್ಲಿ ಯಾವ ರಾಜನೂ ಅಲ್ಲಿ ಬಾಯಿ ಬಿಡಲಿಲ್ಲ.

ಶುಕ್ರವಾರ ನಿನ್ನ ಸಿನಿಮಾಕ್ಕೆ ಬರಲು ಅಪ್ಪ ಷರ್ಟು ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದಾರೆ. ಅಷ್ಟರೊಳಗೆ ಆ ಭಾಷಣ ಕಿತ್ತುಹಾಕು. ರಾಜ ಸುಮ್ಮನೆ ಕೂತಿರಲಿ.

ನಿನ್ನ ಚಿಕ್ಕಕ್ಕ