ಎಂಟುನೂರು ಸುತ್ತು

ಮಾರ್ಚ್ ೧೧, ಮಂಗಳವಾರ
ಮಧ್ಯಾಹ್ನ, ಕೆಲಸದ ಮೇಜಿನಿಂದ

ಮರದವನಿಗೆ,

ಬೇರೆಯಾದ ಈ ಆರು ವರ್ಷದಲ್ಲಿ ನಾವಿಬ್ಬರೂ ಬರೆದುಕೊಂಡಿದ್ದೆಲ್ಲ ಪಾರ್ಸೆಲ್ಲಿನ ಚೀಟಿಗಳನ್ನೇ. ನಿನ್ನ ಚೀಟಿಯಲ್ಲಿ ಗಿಟಾರಿನ ಮರದ ಹೆಸರು, ನನ್ನದರಲ್ಲಿ ಅದರ ದನಿ ಹಿಡಿಯುವ ಪಿಕಪ್ಪಿಗೆ ಸುತ್ತಿದ ತಂತಿಯ ಲೆಕ್ಕ. ಹಾಗಾಗಿ ಇಷ್ಟುದ್ದದ ಕಾಗದ ಕಂಡು ಗಾಬರಿಯಾಗಬೇಡ. ನಾನು ಚೆನ್ನಾಗಿಯೇ ಇದ್ದೇನೆ. ಬಲ ಭುಜ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ, ಬೆಳಿಗ್ಗೆ ಏಳುವಾಗಲೇ ಸಂಜೆಯಷ್ಟು ದಣಿದಿರುತ್ತದೆ. ನಿನ್ನೆಯಿಡೀ ತಂತಿ ಸುತ್ತುವ ಯಂತ್ರ ಓಡಿಸಲಿಲ್ಲ. ಅದರ ಎದುರಿಗೆ ಸುಮ್ಮನೆ ಕೂತಿದ್ದೆ.

ಹೋದ ವಾರ ಬಂದ ನಿನ್ನ ಚೀಟಿ ಇಲ್ಲೇ ಇದೆ. "ಮೂರು ಮಹಾಗನಿ ಗಿಟಾರೂ ವಾಪಸ್ ಬಂದವು. ದನಿ ಮಂಕು ಅಂತಾರೆ. ನನ್ನ ಮರದ್ದೇ ತಪ್ಪಿರಬೇಕು. ಇನ್ನು ಈ ಕೆಲಸ ಸಾಕು ಅನ್ನಿಸ್ತಿದೆ." ಅಷ್ಟೇ. ಮೊದಲ ಸಲ ಓದಿದಾಗ ನಗು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಸೀಳು ಬಿಟ್ಟ ಹಲಗೆಯನ್ನೂ ಯಾರೆದುರೂ ಬಿಟ್ಟುಕೊಡದವನು ನೀನು. ನಿನ್ನ ಬಾಯಲ್ಲಿ ಮರದ್ದು ತಪ್ಪು ಎಂಬ ಮಾತೇ? ಆಮೇಲೆ ನಗು ತಾನಾಗಿ ನಿಂತಿತು.

ಶನಿವಾರ ಉದ್ದಕೂದಲಿನವ ಬಂದಿದ್ದ, ಹೋಟೆಲುಗಳಲ್ಲಿ ಹಾಡುತ್ತಾನಲ್ಲ, ಅವನೇ. ಈಗ ಕೂದಲೆಲ್ಲ ಉದುರಿ ಹೆಸರೊಂದೇ ಉಳಿದಿದೆ. ನಮ್ಮ ಮದುವೆಯ ಐದನೇ ವರ್ಷ ಮಾಡಿಕೊಟ್ಟ ಮಹಾಗನಿ ಗಿಟಾರನ್ನು ಮೇಜಿನ ಮೇಲಿಟ್ಟು, "ಇದ್ದಕ್ಕಿದ್ದ ಹಾಗೆ ಮೂಕಾಗೋಯ್ತು ಅಕ್ಕಾ, ನೀವೇ ಏನಾದ್ರೂ ಮಾಡಿ" ಅಂದ. ಪಿಕಪ್ ತೆಗೆದು ನೋಡಿದೆ. ಸುರುಳಿಯ ಮೇಲೆ ನಾನು ಕಟ್ಟುವ ಕೆಂಪು ದಾರ ಹಾಗೇ ಇತ್ತು. ಗಂಟು ಮಾತ್ರ ತಿರುಗುಮುರುಗು. ನನ್ನ ಗಂಟಿನ ಬಾಲ ಬಲಕ್ಕೆ ಬೀಳುತ್ತದೆ, ಇದರದ್ದು ಎಡಕ್ಕೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಎಡಚ ಅಂತ ಇದ್ದವನು ಒಬ್ಬನೇ.

ತಂತಿ ಅಲುಗದಂತೆ ಹಿಡಿದಿದ್ದ ಮೇಣ ಬಿಡಿಸಿ, ಸುರುಳಿಯನ್ನು ಯಂತ್ರಕ್ಕೆ ಹಾಕಿ, ಹಿಂದಕ್ಕೆ ಬಿಚ್ಚುತ್ತಾ ಎಣಿಸಿದೆ. ಏಳು ಸಾವಿರದ ಇನ್ನೂರಕ್ಕೆ ತಂತಿ ಮುಗಿದುಹೋಯಿತು. ನಾನು ಸುತ್ತಿದ್ದು ಎಂಟು ಸಾವಿರ.

ಈಗ ನನ್ನ ಕಳ್ಳತನ ಹೇಳುತ್ತೇನೆ, ಓದು. ಮಹಾಗನಿಯ ದನಿ ಮೊದಲೇ ಗಾಢ, ಅದಕ್ಕೆ ಸುತ್ತು ಕಡಿಮೆಯಿದ್ದರೇ ದನಿ ತೆರೆದುಕೊಳ್ಳುತ್ತದೆ. ಮೇಪಲ್‌ನಂಥ ಚುರುಕು ಮರಕ್ಕೆ ಸುತ್ತು ಹೆಚ್ಚು ಬೇಕು, ಇಲ್ಲದಿದ್ದರೆ ಕಿವಿ ಚುಚ್ಚುತ್ತದೆ. ಇದು ನಿನ್ನ ಪಾಠ. ಪಿಕಪ್ಪಿನ ಅಯಸ್ಕಾಂತಕ್ಕೆ ಗೊತ್ತಿರುವುದು ನುಡಿಸುವ ಉಕ್ಕಿನ ತಂತಿ ಮಾತ್ರ, ಮರ ಇರುವುದು ಕೊರಳಿಗೆ ನೇತುಹಾಕಿಕೊಳ್ಳುವುದಕ್ಕೆ. ಇದು ನನ್ನ ವಾದ. ಊಟಕ್ಕೆ ಕೂತರೂ ನಮಗೆ ಇದೇ ಜಗಳ. ನಮ್ಮ ಪುಟ್ಟಿಗೆ ಆಗ ಎರಡು ವರ್ಷ, ಅವಳಿಗೆ ಜ್ವರ ಬಂದು ನಾನು ಮೂರು ದಿನ ಕಣ್ಣು ಮುಚ್ಚಿರಲಿಲ್ಲ. ನೀನು ಮಹಾಗನಿಗೆ ಏಳು ಸಾವಿರದ ಇನ್ನೂರು ಸುತ್ತಲು ಹೇಳಿದ್ದೆ. ಯಂತ್ರದ ಎಣಿಕೆ ಹಿಂದಿನ ಮೇಪಲ್‌ನ ಎಂಟು ಸಾವಿರಕ್ಕೇ ಇತ್ತು, ಅದನ್ನು ಬದಲಿಸುವಷ್ಟೂ ತ್ರಾಣವಿರಲಿಲ್ಲ. ಎಂಟು ಸಾವಿರವನ್ನೇ ಸುತ್ತಿ, ಚೀಟಿಯಲ್ಲಿ ಏಳು ಸಾವಿರದ ಇನ್ನೂರು ಎಂದು ಬರೆದುಬಿಟ್ಟೆ. ಈ ಉದ್ದಕೂದಲಿನವನ ಗಿಟಾರೇ ಅದು. ವಾರದ ಮೇಲೆ ನೀನು ಅದನ್ನು ನುಡಿಸಿ, "ನೋಡು, ಮರಕ್ಕೆ ತಕ್ಕ ಸುತ್ತು ಅಂದ್ರೆ ಇದು" ಎಂದು ಬೀಗಿದೆ. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಅವತ್ತಿನಿಂದ ಯಂತ್ರವನ್ನು ಎಂಟು ಸಾವಿರದಿಂದ ಕದಲಿಸಿಲ್ಲ. ಮರ ಯಾವುದಾದರೂ ಸುತ್ತು ಅಷ್ಟೇ, ಚೀಟಿ ಮಾತ್ರ ಬೇರೆ ಬೇರೆ.

ನಕ್ಕಿದ್ದು ದೊಡ್ಡ ತಪ್ಪಲ್ಲ. ಆ ನಗು ಹಳಸಿ ತಾತ್ಸಾರವಾಯಿತು, ಅದು ತಪ್ಪು. ಇವನಿಗೆ ಕಿವಿಯೇ ಇಲ್ಲ, ಬರೀ ಬಾಯಿ ಅಂದುಕೊಂಡೆ. ಆಮೇಲೆ ನೀನು ಏನು ಹೇಳಿದರೂ ನನಗೆ ಅದೇ ಅನ್ನಿಸುತ್ತಿತ್ತು, ಮನೆಯ ವಿಷಯವಿರಲಿ, ಮಗಳ ವಿಷಯವಿರಲಿ. ಯಂತ್ರ ಹೊರಿಸಿಕೊಂಡು ಈ ಎರಡು ಕೋಣೆಗೆ ಹೊರಟ ದಿನ ಆ ಮನೆಯ ಬಾಗಿಲಲ್ಲಿ ನಿಂತು, "ನಿಂಗೆ ಮರನೂ ಕೇಳಿಸಲ್ಲ, ಮನುಷ್ಯರೂ ಕೇಳಿಸಲ್ಲ" ಅಂದೆನಲ್ಲ. ನೀನು ಕೈಯಲ್ಲಿದ್ದ ಉಜ್ಜುಕಾಗದವನ್ನು ಸಣ್ಣಗೆ ಮಡಿಸುತ್ತಾ ನಿಂತಿದ್ದೆ.

ನಿನಗೆ ಮೊದಲ ದಿನವೇ ಕೇಳಿಸಿತ್ತು. ಸುರುಳಿಯನ್ನು ಮೇಣದಲ್ಲಿ ಅದ್ದುವುದು ನಿನ್ನ ಕೆಲಸ. ಅದಕ್ಕೂ ಮೊದಲು ಗಿಟಾರಿಗಿಟ್ಟು ಕೇಳಿ, ನನ್ನ ಗಂಟು ಬಿಚ್ಚಿ, ಕೂದಲಿಗಿಂತ ತೆಳುವಾದ ತಂತಿಯನ್ನು ತುಂಡಾಗದ ಹಾಗೆ ಎಂಟುನೂರು ಸುತ್ತು ಕೈಯಲ್ಲೇ ಬಿಚ್ಚಿ, ಬೆಸುಗೆ ಹಾಕಿ, ನನ್ನದೇ ದಾರವನ್ನು ಮತ್ತೆ ಕಟ್ಟಿದ್ದೀಯ. ಒಂದಲ್ಲ ಎರಡಲ್ಲ, ಇಪ್ಪತ್ತು ವರ್ಷ. ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ ಮಹರಾಯ? ಹೇಳಿದ್ದರೆ ಒಂದು ದಿನ ಕಿತ್ತಾಡಿ ಮುಗಿಸುತ್ತಿದ್ದೆವು. ನನಗೆ ಅಳು ಎಷ್ಟು ಬಂದಿದೆಯೋ ಸಿಟ್ಟೂ ಅಷ್ಟೇ ಬಂದಿದೆ. ನನ್ನ ಸುಳ್ಳನ್ನು ಇಷ್ಟು ಜೋಪಾನ ಮಾಡು ಎಂದು ನಾನು ಕೇಳಿದ್ದೆನೇ?

ಹಾಗಾದರೆ ಈ ಮೂರು ಯಾಕೆ ಮಂಕಾದವು ಎಂದು ಯೋಚಿಸಿ ಪುಟ್ಟಿಗೆ ಫೋನ್ ಮಾಡಿದೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಪರರ ಕಣ್ಣು ನೋಡುವವಳು ಅಪ್ಪನ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಬೈದ ಮೇಲೆ, "ಅಪ್ಪಂಗೆ ಬಲಗಣ್ಣು ಹೆಚ್ಚುಕಮ್ಮಿ ಹೋಗಿದೆ ಅಮ್ಮ. ಎಡಗಣ್ಣಲ್ಲೂ ಸಣ್ಣದೇನೂ ಕಾಣಲ್ಲ. ನಿಂಗೆ ಹೇಳ್ಬೇಡ ಅಂದಿದ್ರು" ಅಂದಳು. ಈ ಕಾಗದದ ಅಕ್ಷರ ಇಷ್ಟು ದಪ್ಪಗಿರುವುದು ಅದಕ್ಕೇ. ಮರ ಉಜ್ಜಲು ಬೆರಳು ಸಾಕು, ನನ್ನ ತಂತಿ ಬಿಚ್ಚಲು ಕಣ್ಣು ಬೇಕು. ಆ ಮೂರು ಸುರುಳಿಗಳೂ ನಾನು ಕಳಿಸಿದ ಹಾಗೆಯೇ ಗಿಟಾರಿಗೆ ಹೋಗಿವೆ. ಅಷ್ಟಾದರೂ ನೀನು ನನ್ನ ಹೆಸರೆತ್ತದೆ ತಪ್ಪನ್ನು ನಿನ್ನ ಮರದ ಮೇಲೆ ಹಾಕಿಕೊಂಡೆ.

ತಪ್ಪು ಮರದ್ದಲ್ಲ, ನಿನ್ನದೂ ಅಲ್ಲ, ನನ್ನದು. ಮೂರೂ ಗಿಟಾರುಗಳನ್ನು ಇಲ್ಲಿಗೆ ಕಳಿಸು, ಕೊಂಡ ಮೂವರಿಗೂ ನಾನೇ ಹೇಳುತ್ತೇನೆ. ದಣಿವಾಗಿ ಕೆಲಸ ಸಾಕು ಅನ್ನುವುದಾದರೆ ಅನ್ನು. ನನಗೂ ದಣಿವಾಗಿದೆ, ಇಬ್ಬರೂ ಒಂದೇ ದಿನ ಬಾಗಿಲು ಹಾಕೋಣ. ಮಾಡದ ತಪ್ಪಿಗೆ ಮಾತ್ರ ಉಳಿ ಕೆಳಗಿಡಬೇಡ.

ವಾಪಸ್ ಬಾ ಎಂದು ನೀನು ಕರೆಯುವವನಲ್ಲ, ಬರುತ್ತೇನೆ ಎಂದು ನಾನೂ ಬರೆಯುತ್ತಿಲ್ಲ. ಯಂತ್ರ ಹೊರಿಸಿಕೊಂಡು ಇನ್ನೊಮ್ಮೆ ಮೆಟ್ಟಿಲಿಳಿಯುವ ಶಕ್ತಿ ನನ್ನಲ್ಲಿಲ್ಲ. ಆದರೆ ಗುರುವಾರ ನಿನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ಪುಟ್ಟಿ ರಜೆ ಹಾಕುವವಳಿದ್ದಳು. ಬೇಡ ಅಂದಿದ್ದೇನೆ. ಹತ್ತು ಗಂಟೆಗೆ ನಾನೇ ಬಂದು ನಿನ್ನ ಬಾಗಿಲು ತಟ್ಟುತ್ತೇನೆ. ಏನೂ ಮಾತಾಡಬೇಡ, ಚಪ್ಪಲಿ ಹಾಕಿಕೊಂಡು ಹೊರಡು.

ನೀನೇ ಇಟ್ಟ ಹೆಸರಿನ
ತಂತಿ

ಬರೆಯಲು ಬಿಟ್ಟಿದ್ದು: ಉದ್ದಕೂದಲಿನವನ ಗಿಟಾರಿಗೆ ಇವತ್ತು ಎರಡು ಹೊಸ ಸುರುಳಿ ಹಾಕಿ ನುಡಿಸಿ ನೋಡಿದೆ, ಮೊದಲು ಎಂಟು ಸಾವಿರದ್ದು, ಆಮೇಲೆ ಏಳು ಸಾವಿರದ ಇನ್ನೂರರದ್ದು. ನೀನು ಹೇಳಿದ್ದೇ ಸರಿ. ಅರ್ಧ ಗಂಟೆಯ ಕೆಲಸ, ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಮಾಡಲಿಲ್ಲ. ನಿನ್ನ ಮುಂದಿನ ಮಹಾಗನಿಗೆಂದು ಇನ್ನೂ ಒಂದನ್ನು ಅದೇ ಲೆಕ್ಕದಲ್ಲಿ ಸುತ್ತಿ ಈ ಪಾರ್ಸೆಲ್ಲಿನಲ್ಲಿಟ್ಟಿದ್ದೇನೆ. ಚೀಟಿ ಓದುವ ಕಷ್ಟ ಬೇಡ. ದಾರದ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡು, ಬಾಲ ಎಡಕ್ಕಿದೆ. ನಾಲ್ಕು ಸಲ ತಪ್ಪಿ, ಐದನೇ ಸಲಕ್ಕೆ ಎಡಗೈಯಲ್ಲೇ ಕಟ್ಟಿದೆ. ಇನ್ನು ನೀನು ಬಿಚ್ಚಬೇಕಾಗಿಲ್ಲ.