ಬೆಲೆ ಇಳಿಸಿ ಎಂದವಳು

ಮಾರ್ಚ್ ೯, ಸೋಮವಾರ

ಮುದ್ದು ಗುಬ್ಬಿ,

ಹೇಗಿದ್ದೀಯೇ? ಫೋನು ಎತ್ತದೆ ಇದ್ದದ್ದಕ್ಕೂ ಕಾಗದ ತಡವಾದದ್ದಕ್ಕೂ ಸೇರಿಸಿ ಒಂದೇ ಸಲ ಬೈದುಬಿಡು. ನರ್ಸಮ್ಮನ ಬೈಗುಳ ತಾನೇ, ಸೂಜಿ ಚುಚ್ಚಿದಷ್ಟೇ ನೋವು. ನಿನ್ನ ಮಾತು ಮೀರಿದವಳು ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಸುಮ್ಮನಿದ್ದೆ.

ಹೌದು, ಸಭೆಯಲ್ಲಿ ಮಾತಾಡಿದೆ.

ಮದ್ಯದ ಮೇಲಿನ ತೆರಿಗೆ ಏರಿದ್ದೇ ಏರಿದ್ದು, ನಮ್ಮ ಕಾರ್ಖಾನೆಗೆ ಗರ ಬಡಿದಿತ್ತು. ನನ್ನ ಕೆಲಸ ನಿನಗೆ ಗೊತ್ತಲ್ಲ, ತುಂಬಿದ ಬಾಟಲಿಗಳು ದೀಪದ ಮುಂದೆ ಹಾದುಹೋಗುವಾಗ ಒಳಗೆ ಕಸವೋ ಕೂದಲೋ ಕಂಡರೆ ಎತ್ತಿಡುವುದು. ಕಣ್ಣು ಸೋಲುತ್ತದೆಂದು ಆಗಾಗ ಬದಲಿಯವರು ಬಂದು ಕೂರುತ್ತಿದ್ದರು. ಆ ಹುಡುಗಿಯರನ್ನೆಲ್ಲ ಮನೆಗೆ ಕಳಿಸಿದರು. ನಮ್ಮ ಸಂಬಳಕ್ಕೂ ಕತ್ತರಿ ಬಿತ್ತು. ಮನೆಗೆ ಬಂದು ಕಣ್ಣು ಮುಚ್ಚಿದರೂ ಬಾಟಲಿಗಳೇ ಓಡುತ್ತಿದ್ದವು.

ಆಗ ಮ್ಯಾನೇಜರು ಕರೆದು, "ನೋಡಮ್ಮಾ, ನೀನು ಎಲ್ಲರಿಗಿಂತ ಹಳಬಳು. ತೆರಿಗೆ ನಮ್ಮ ಅನ್ನ ಕಿತ್ಕೊಳ್ತಿದೆ, ಬೆಲೆ ಇಳಿಸಿ ಅಂತ ಸಭೇಲಿ ಮಂತ್ರಿಗಳ ಮುಂದೆ ನೀನೇ ಹೇಳ್ಬೇಕು. ಇಲ್ಲಾಂದ್ರೆ ಮುಂದಿನ ತಿಂಗಳು ನಿನ್ನ ಲೈನೂ ಮುಚ್ಚುತ್ತೆ" ಎಂದರು.

ನೀನು ಫೋನಿನಲ್ಲಿ ಕೂಗಾಡಿದ್ದೆ: "ಬೇಡ ಅಕ್ಕಾ! ಕುಡಿದು ಬರೋರು ಕಮ್ಮಿಯಾಗಿ ನಮ್ಮ ವಾರ್ಡಲ್ಲಿ ಹಾಸಿಗೆ ಖಾಲಿ ಇರೋದನ್ನ ಈಗಲೇ ನಾನು ನೋಡ್ತಿರೋದು. ಬೇರೆಯವರ ಮಾತು ಬಿಡು, ಭಾವನ್ನೇ ನೋಡು."

ನೋಡದೆ ಏನು? ಬೆಲೆ ಕೈಗೆಟುಕದೆ ನಿಮ್ಮ ಭಾವ ಕುಡಿಯುವುದನ್ನೇ ಬಿಟ್ಟಿದ್ದರು. ಸಂಜೆ ಮನೆಯಲ್ಲೇ ಇರುತ್ತಿದ್ದರು. ಸೋರುವ ನಲ್ಲಿ ರಿಪೇರಿ ಮಾಡಿದರು, ಮಗಳ ಜೊತೆ ಕೇರಂ ಆಡಿ ಬೇಕೆಂದೇ ಸೋತರು. ಆದರೆ ಅವರಿಗೂ ಕೆಲಸವಿಲ್ಲ, ಗುಬ್ಬಿ. ನನ್ನದೂ ಹೋದರೆ ಒಲೆ ಹೇಗೆ ಉರಿಯಬೇಕು? ಅತ್ತ ದರಿ, ಇತ್ತ ಪುಲಿ. ವೇದಿಕೆ ಹತ್ತಿದೆ. ಮೈಕು ಹಿಡಿದು ಹೇಳಿಯೇಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಟೀವಿಯಲ್ಲೂ ತೋರಿಸಿದರು.

ಹೋದ ವಾರ ತೆರಿಗೆ ಇಳಿಯಿತು. ನನ್ನ ಲೈನು ಉಳಿಯಿತು. ಮನೆಗೆ ಕಳಿಸಿದ್ದ ಹುಡುಗಿಯರಲ್ಲಿ ಅರ್ಧದಷ್ಟು ಜನ ವಾಪಸು ಬಂದು ನನ್ನ ಕೈಹಿಡಿದು ಅತ್ತರು. ಅದು ಸುಳ್ಳಲ್ಲ ಕಣೇ, ಅವರ ಮನೆಯಲ್ಲೂ ಮಕ್ಕಳಿವೆ. ಕತ್ತರಿಸಿದ ಸಂಬಳದ ಮಾತೆತ್ತಿದರೆ ಮಾತ್ರ ಮ್ಯಾನೇಜರಿಗೆ ಕಿವಿ ಕೇಳಿಸುವುದಿಲ್ಲ.

ನಿನ್ನ ಕೆಮ್ಮು ವಾಸಿಯಾಯಿತೇ? ಕಂಡವರ ಮೈ ನೋಡುವವಳು ನಿನ್ನ ಮೈಯನ್ನೂ ಒಂದಿಷ್ಟು ನೋಡಿಕೋ. ನೂರು ಕಾಲ ತಣ್ಣಗಿರು, ಕೂಸೇ.

ನಿನ್ನ
ಅಕ್ಕ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ನಿನ್ನೆ ಮಧ್ಯಾಹ್ನ ನಿಮ್ಮ ಭಾವ ಬಾಟಲಿ ತಂದು ಊಟದ ತಟ್ಟೆಯ ಪಕ್ಕ ಇಟ್ಟರು. ಮಗಳು ಊಟ ಬಿಟ್ಟು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೇಡ ಎಂದು ನಾನು ಅವರ ಕೈಹಿಡಿದು ಅತ್ತೆ. ಅವರು ಸಿಟ್ಟಾಗಲಿಲ್ಲ, ನಕ್ಕರು. "ಯಾಕೆ ಅಳ್ತೀಯ? ನಮ್ಮಂಥೋರು ಕುಡೀದಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಟೀವೀಲಿ ನೀನೇ ಹೇಳಿದ್ಯಲ್ಲ?"