ಹಲ್ಲು ಹಾರಿದ ಭಾನುವಾರ

ಜೂನ್ 2, ಭಾನುವಾರ, ಸಂಜೆ

ಮೂರು ಡೆಮೊ. ಮೂರೂ ಚೆನ್ನಾಗಿ ಆದವು. ಬಾಯೆಲ್ಲ ಕೋವಿಮದ್ದಿನ ಉಪ್ಪು. ಎರಡು ಲೋಟ ಕಾಫಿ ಕುಡಿದರೂ ಹೋಗಿಲ್ಲ.

ಜನ ಜಾಸ್ತಿ ಇದ್ದರು. ಮ್ಯೂಸಿಯಂ ಹಿಂದಿನ ಹುಲ್ಲಿನ ಮೇಲೆ ಕಾಲಿಡಲು ಜಾಗವಿಲ್ಲ. ಎಂದಿನಂತೆ ಭಾಷಣ ಬಿಗಿದೆ. ಇದು ಚಕಮಕಿ ಬಂದೂಕು, ಕಲ್ಲಿನ ಕಿಡಿಯಿಂದ ಸಿಡಿಯುವುದು. ಇದು ಕಾಡತೂಸು — ಕಾಗದದ ಸುರುಳಿ, ಒಂದು ತುದಿಗೆ ಸೀಸದ ಗುಂಡು, ಮಿಕ್ಕಿದ್ದು ಮದ್ದು. ನಮ್ಮದರಲ್ಲಿ ಗುಂಡಿಲ್ಲ, ಬರೀ ಮದ್ದು. ನಳಿಗೆಯೊಳಗೆ ಗಟ್ಟಿ ವಸ್ತು ಹೋಗಕೂಡದು ಎಂಬುದು ಸೇಫ್ಟಿಯವರ ಮೊದಲ ನಿಯಮ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಾಡತೂಸು. ಹರಿಯುವುದಕ್ಕೆ ಮೂರನೇ ಕೈ ಎಲ್ಲಿಂದ ತರುವುದು? ಹಲ್ಲಿನಿಂದ ಕಚ್ಚಿ ಹರಿಯಬೇಕು. ಅದಕ್ಕೇ ಮುಂದಿನ ಹಲ್ಲಿಲ್ಲದವನನ್ನು ಸೈನ್ಯಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಆಮೇಲೆ ನನಗೆ ಅಚ್ಚುಮೆಚ್ಚಿನ ಭಾಗ, ಸೈನ್ಯಕ್ಕೆ ಭರ್ತಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಬಾಯಿ ತೆಗಿ" ಅನ್ನುವುದು. ಹಲ್ಲಿದ್ದವರಿಗೆ ಮರದ ಬಂದೂಕು, ನನ್ನ ಜೊತೆ ಕವಾಯತು. ಇಲ್ಲದವರು ವಾಪಸ್ ಹುಲ್ಲಿನ ಮೇಲೆ. ಇವತ್ತು ಎಲ್ಲರಿಗಿಂತ ಮುಂದೆ ನಿಂತಿದ್ದವಳು ನಮ್ಮ ಚೋಟು. ಮಗಳ ಮಗಳು, ಏಳು ವರ್ಷ. ಮೇಲಿನ ಎರಡು ಹಲ್ಲು ಮೊನ್ನೆ ಮೊನ್ನೆ ಬಿದ್ದಿವೆ. ಧೈರ್ಯವಾಗಿ ಬಾಯಿ ತೆರೆದಳು.

"ರಿಜೆಕ್ಟ್" ಅಂದೆ.

ಜನ ನಕ್ಕರು. ಅವಳು ನಗಲಿಲ್ಲ. ಮನೆಗೆ ಬಂದಮೇಲೂ ಮಾತಿಲ್ಲ, ಕತೆಯಿಲ್ಲ. ಇವಳು, ಚೋಟುವಿನ ಅಜ್ಜಿ, ಅಡುಗೆಮನೆಯಿಂದಲೇ ಶುರು ಹಚ್ಚಿಕೊಂಡಳು. "ಮೊಮ್ಮಗಳ ಹತ್ರ ಕಾನೂನು ಮಾತಾಡ್ತೀರಲ್ರೀ, ನಿಮಗೇನು ಸೇನಾಪತಿ ಅಂತ ಯಾರಾದ್ರೂ ಪಟ್ಟ ಕಟ್ಟಿದಾರಾ?"

ನಿಯಮ ಅಂದಮೇಲೆ ನಿಯಮ. ಮುಂದಿನ ಹಲ್ಲಿಲ್ಲದವರಿಗೆ ಬಂದೂಕಿಲ್ಲ ಎಂದು ನಾನೇ ಬರೆದು ಬೋರ್ಡಿಗೆ ಹಾಕಿಸಿದ್ದು.

ಜೂನ್ 5, ಬುಧವಾರ

ಸೇಬು ಕಚ್ಚಿದೆ. ಏನೋ ಅಲುಗಿತು. ಸೇಬಲ್ಲ.

ಮೇಲಿನ ಎಡಗಡೆಯ ಮುಂದಿನ ಹಲ್ಲು. ಬೆರಳಿನಿಂದ ತಳ್ಳಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಅದರ ಬಲಗಡೆಯದು ಹೋಗಿ ವರ್ಷಗಳೇ ಆದವು. ಇಷ್ಟು ದಿನ ಈ ಒಂದರಲ್ಲೇ ಸಂಸಾರ ತೂಗಿಸಿದ್ದೇನೆ.

ಯಾರಿಗೂ ಹೇಳಿಲ್ಲ. ಹೇಳಿದರೆ ಸುದ್ದಿ ಮೀಸೆಯ ಕಿವಿಗೆ ಬೀಳುತ್ತದೆ. ಮೀಸೆ ಅಂದರೆ ಮ್ಯೂಸಿಯಂ ಗೇಟಿನ ಸೆಕ್ಯುರಿಟಿ. ಮೂವತ್ತೆರಡೂ ಹಲ್ಲು ಗಟ್ಟಿ, ಮೇಲೆ ಆ ಮೀಸೆ ಬೇರೆ. ನಾನು ರಜಾ ಹಾಕಿದರೆ ಬಂದೂಕು ಅವನ ಕೈಗೆ. ನಾನಿಲ್ಲದಾಗ ಹಳೇ ಕಾಗದ ಕಚ್ಚಿ ಕಚ್ಚಿ ಪ್ರಾಕ್ಟೀಸ್ ಮಾಡುತ್ತಾನಂತೆ. ಒಳ್ಳೆಯ ಮನುಷ್ಯ. ಅದೇ ತೊಂದರೆ, ಬೈಯಲೂ ಆಗುವುದಿಲ್ಲ.

ರಿಟೈರ್ ಆದಮೇಲೆ ನನಗೆ ಉಳಿದಿರುವುದು ಭಾನುವಾರ ಒಂದೇ. ಸೋಮವಾರದಿಂದ ಶನಿವಾರದವರೆಗೆ ನಾನು ತರಕಾರಿ ತರುವವನು. ಭಾನುವಾರ ಮಾತ್ರ ಜನ ನನ್ನ ಕಡೆ ನೋಡುತ್ತಾರೆ.

ಜೂನ್ 8, ಶನಿವಾರ

ಊಟದ ಮೇಜಿನ ಮೇಲೆ ನಾಳೆಗೆ ಕಾಗದದ ಕೊಳವೆ ಸುತ್ತುತ್ತಾ ಕುಳಿತೆ. ಮದ್ದು ತುಂಬುವುದು ಅಲ್ಲೇ, ಮ್ಯೂಸಿಯಂನಲ್ಲಿ. ಬೆರಳು ದಪ್ಪದ ಮರದ ಕಡ್ಡಿ, ಅದರ ಸುತ್ತ ಕಾಗದ, ಒಂದು ತುದಿಗೆ ದಾರದ ಗಂಟು, ಕಡ್ಡಿ ಎಳೆ. ಈ ಕೆಲಸ ಮಾಡುವಾಗ ತಲೆಯೊಳಗೆ ಏನೂ ಓಡುವುದಿಲ್ಲ... ಹಾಯಾಗಿರುತ್ತದೆ.

ಚೋಟು ಬಂದು ಎದುರು ಕುಳಿತಳು. ಮುಷ್ಕರ ಮುಗಿದಿರಬೇಕು. ಸುಮ್ಮನೆ ನನ್ನ ಮುಖವನ್ನೇ ನೋಡಿದಳು.

"ತಾತ, ನಾಲಿಗೇಲಿ ತಳ್ತಾ ಇದ್ದೀರ."

"ಏನನ್ನ?"

"ಹಲ್ಲನ್ನ. ನಾನೂ ಹಂಗೇ ತಳ್ತಿದ್ದೆ, ಬೀಳೋಕ್ಮುಂಚೆ."

ಸಿಕ್ಕಿಬಿದ್ದೆ. ಅಜ್ಜಿಗೆ ಹೇಳಬೇಡ ಎಂದೆ. ತಲೆಯಾಡಿಸಿದಳು.

"ನಾಳೆ ಕಚ್ಚಬೇಡಿ ತಾತ. ಬಿದ್ದೋಗತ್ತೆ. ಆಮೇಲೆ ನೀವೂ ರಿಜೆಕ್ಟ್."

ಎಷ್ಟು ಕರುಣೆಯಿಂದ ಹೇಳಿದಳೆಂದರೆ, ನನಗೆ ನಾಚಿಕೆಯಾಯಿತು.

ಜೂನ್ 9, ಭಾನುವಾರ, ರಾತ್ರಿ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಇವಳಂತೂ ನಗುತ್ತಿದ್ದಾಳೆ. ಈಗಲೂ. ಪಕ್ಕದ ಕೋಣೆಯಿಂದ ಕೇಳುತ್ತಿದೆ.

ಮೊದಲ ಡೆಮೊ ಬಚಾವ್. ಎರಡನೆಯದು. ಗುರಿಯ ಬಗ್ಗೆ ಹೇಳುತ್ತಿದ್ದೆ: ಗುಂಡು ನಳಿಗೆಗಿಂತ ಒಂಚೂರು ಚಿಕ್ಕದು. ಮಸಿ ಹಿಡಿದ ನಳಿಗೆಯಲ್ಲೂ ಬೇಗ ಇಳಿಯಲಿ ಅಂತ. ಹಾಗಾಗಿ ಒಳಗೆ ಲಟಪಟ ಬಡಿದುಕೊಂಡು ಹೊರಗೆ ಬರುತ್ತದೆ, ಕೊನೆಗೆ ಯಾವ ಕಡೆ ಹೋಗುತ್ತದೋ ಅದಕ್ಕೂ ಗೊತ್ತಿಲ್ಲ. "ಈ ಬಂದೂಕಿನಿಂದ ಎದುರಿನ ಗೋಡೆಗೆ ಗುರಿಯಿಟ್ಟರೂ ತಗಲುವುದು ಅನುಮಾನ" ಅಂದೆ. ಜನ ನಕ್ಕರು. ಕಾಡತೂಸು ಕಚ್ಚಿದೆ. ತುದಿ ಉಗುಳಿದೆ. ಬಂದೂಕಿನ ಪಕ್ಕಕ್ಕಿರುವ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು. ಮಿಕ್ಕಿದ್ದು ನಳಿಗೆಗೆ ಸುರಿದೆ. ಮರಳಿನ ದಿಬ್ಬದ ಕಡೆ ತಿರುಗಿ ಬಂದೂಕಿನ ಕುದುರೆ ಎಳೆದೆ.

ಢಮ್!

ಅದರ ಹಿಂದೆಯೇ — ಟಣ್!

ದಿಬ್ಬದ ಮುಂದೆ ಕಂಬಕ್ಕೆ ನೇತುಹಾಕಿದ್ದ ಕೆಂಪು ಬಕೆಟ್ಟು, ಬೆಂಕಿ ಆರಿಸಲು ಮರಳು ತುಂಬಿಟ್ಟದ್ದು, ಓಲಾಡುತ್ತಿತ್ತು. ಹೊಗೆಯೊಳಗೆ ನಿಂತು ಯೋಚಿಸಿದೆ. ಗುಂಡಿಲ್ಲ. ಮತ್ತೆ ಟಣ್ ಅಂದದ್ದೇನು? ನಾಲಿಗೆ ತಾನಾಗಿಯೇ ಮೇಲೆ ಹೋಯಿತು. ಅಲ್ಲಿ ಹಲ್ಲಿರಲಿಲ್ಲ.

ಕಚ್ಚುವಾಗ ಕಿತ್ತು ಕಾಗದದೊಳಗೆ ಬಿದ್ದಿದೆ. ಮದ್ದಿನ ಜೊತೆ ಸೀದಾ ನಳಿಗೆಗೆ. ಇಷ್ಟು ವರ್ಷ ಗುರಿಯೇ ಇಲ್ಲದ ಬಂದೂಕು ಎಂದು ಊರಿಗೆಲ್ಲ ಸಾರಿದವನು, ನನ್ನ ಹಲ್ಲಿನಿಂದಲೇ ಬಕೆಟ್ಟಿಗೆ ಹೊಡೆದೆ!

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಇದೂ ಡೆಮೊದ ಭಾಗ ಅಂದುಕೊಂಡು. ಒಬ್ಬ ಪುಣ್ಯಾತ್ಮ "ಒನ್ಸ್ ಮೋರ್" ಅಂದ. ಇದ್ದದ್ದೇ ಒಂದು ಹಲ್ಲು ಮಾರಾಯ.

ಬಕೆಟ್ಟಿನ ಕೆಳಗೆ ಹುಡುಕಿ ತಂದವನು ಮೀಸೆ. ಕರ್ಚೀಫಿನಲ್ಲಿ ಸುತ್ತಿ, ತಲೆ ತಗ್ಗಿಸಿ ಕೊಟ್ಟ. "ಸರ್... ನಿಮ್ದು."

ಕ್ಯುರೇಟರ್ ಮೇಡಂ ಆಫೀಸಿಗೆ ಕರೆದರು. ನನ್ನ ಮಗಳಿಗಿಂತ ಚಿಕ್ಕವರು, ಬುದ್ಧಿವಂತೆ. ನಗು ತಡೆದುಕೊಂಡದ್ದಕ್ಕೆ ಕಣ್ಣಲ್ಲಿ ನೀರು. ಆಮೇಲೆ ಗಂಭೀರವಾದರು.

"ಸರ್, ಯಾರಿಗಾದ್ರೂ ತಗುಲಿದ್ರೆ? ಗಟ್ಟಿ ವಸ್ತು ಹೋಗೋ ಹಾಗಿಲ್ಲ. ಹಲ್ಲೂ ಗಟ್ಟಿ ವಸ್ತುನೇ ಅಲ್ವಾ?"

ಹೌದು ಎಂದೆ.

"ಮುಂದಿನ ವಾರದಿಂದ ಸೆಕ್ಯುರಿಟಿಯವ್ರು ಮಾಡ್ಲಿ. ನೀವೇ ಬರೆದಿರೋ ಬೋರ್ಡ್ ಇದೆಯಲ್ಲ ಸರ್..."

ಇದೆ. ದಪ್ಪ ಅಕ್ಷರದಲ್ಲಿ.

ಜೂನ್ 10, ಸೋಮವಾರ

ಡೆಂಟಿಸ್ಟ್. ಹಲ್ಲು ಹೇಗೆ ಬಿತ್ತು ಎಂದು ಕೇಳಿದ. ಹೇಳಿದೆ. ಕುರ್ಚಿ ಹಿಡಿದುಕೊಂಡು ನಕ್ಕ. ಕಟ್ಟಿಸಿಕೊಂಡರೆ ಕಾಡತೂಸು ಕಚ್ಚಬಹುದಾ ಎಂದು ಕೇಳಿದೆ.

"ಊಟ ಮಾಡಿ, ನಗಿ, ಫೋಟೋ ತೆಗೆಸ್ಕೊಳ್ಳಿ. ಕಾಗದ ಹರಿಯೋಕೆ ಹೋದ್ರೆ ಅದೂ ಬಕೆಟ್ಟಿಗೇ."

ಊರಿಗೆಲ್ಲ ಸುದ್ದಿ ಹೋಗಿದೆ.

ಜೂನ್ 16, ಭಾನುವಾರ

ಹೋಗಲಿಲ್ಲ. ಹನ್ನೊಂದಕ್ಕೆ ಬಾಲ್ಕನಿಯಲ್ಲಿ ನಿಂತೆ. ಮ್ಯೂಸಿಯಂ ಕಡೆಯಿಂದ ಢಮ್ ಕೇಳಿಸಿತು. ಚೆನ್ನಾಗಿಯೇ ಹೊಡೆದ ಮೀಸೆ. ಬಟ್ಟೆ ಒಣಗಿಹಾಕಿದೆ.

ಜೂನ್ 18, ಮಂಗಳವಾರ

ಇದನ್ನು ಬರೆಯಲೇಬೇಕು.

ಸಂಜೆ ಬಾಲ್ಕನಿಯಲ್ಲಿ ಚೋಟು ಕಿತ್ತಳೆ ತಿನ್ನುತ್ತಿದ್ದಳು. ಬೀಜವನ್ನು ಹಲ್ಲಿನ ಸಂದಿಯಿಂದ ಪುಸಕ್ ಅಂತ ಉಗಿಯುತ್ತಾಳೆ, ಗಿಡದ ಕುಂಡದ ಪಕ್ಕ ಇಟ್ಟ ಸ್ಟೀಲ್ ಲೋಟಕ್ಕೆ. ಒಂದೂ ತಪ್ಪುವುದಿಲ್ಲ. ನಾನು ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದೆ. ಬಂದು ಒಂದು ತೊಳೆ ಕೈಗಿಟ್ಟಳು.

"ನಿಮಗೂ ಸಂದಿ ಇದೆಯಲ್ಲ ತಾತ. ಉಗೀರಿ."

"ಥೂ, ಹೋಗೆ."

"ಬರಲ್ಲ ಅನ್ನಿ."

ಬರಲ್ಲ ಅಂದರೆ ಬಿಡುವವನೇ ನಾನು? ಮೊದಲನೆಯದು ಬಾಲ್ಕನಿಯಾಚೆ ಹೋಯಿತು. ಎರಡನೆಯದು ಇವಳ ಸೀರೆಗೆ. "ಮುದುಕರಿಗೆ ಬುದ್ಧಿ ಬೇಡ್ವೇನ್ರೀ!" ಮೂರನೆಯದು ಲೋಟದೊಳಗೆ. ಟಣ್!

ಆ ಟಣ್ ಕೇಳಿದ್ದೇ ನೆನಪಾಯಿತು. ಇಷ್ಟು ವರ್ಷ ಓದಿದ್ದು, ಹೇಳಿದ್ದು, ಎಲ್ಲ ಎಲ್ಲಿ ಹೋಗಿತ್ತೋ! ಚಕಮಕಿಗಿಂತ ಹಿಂದಿನದು ಬತ್ತಿ ಬಂದೂಕು. ಹಗ್ಗದ ಬತ್ತಿ ಹೊತ್ತಿಸಿಟ್ಟುಕೊಂಡು, ಅದರ ಕೆಂಡದಿಂದ ಸಿಡಿಸುವುದು. ಅವರಲ್ಲಿ ಬಹಳ ಜನ ಕಾಗದದ ಕಾಡತೂಸು ಬಳಸುತ್ತಿರಲಿಲ್ಲ. ಎದೆಗೆ ಅಡ್ಡ ಪಟ್ಟಿ, ಪಟ್ಟಿಗೆ ನೇತುಬಿದ್ದ ಮರದ ಪುಟ್ಟ ಬುಡ್ಡಿಗಳು, ಒಂದೊಂದರಲ್ಲೂ ಒಂದು ಸಲಕ್ಕೆ ಆಗುವಷ್ಟು ಮದ್ದು. ಬೆರಳಿನಿಂದ ಮುಚ್ಚಳ ತೆಗೆ, ಸುರಿ. ಕಚ್ಚುವ ಮಾತೇ ಇಲ್ಲ. ಇನ್ನು ಗುಂಡು? ಗಡಿಬಿಡಿಯಲ್ಲಿ ಕೈಗೆ ಸಿಗಲಿ ಎಂದು ಬಾಯಲ್ಲಿ ಇಟ್ಟುಕೊಂಡು, ನಳಿಗೆಗೆ ಉಗಿಯುತ್ತಿದ್ದರು.

ಉಗಿಯುತ್ತಿದ್ದರು!

ಹಲ್ಲು ಹೋದರೇನಂತೆ, ಒಂದು ನೂರು ವರ್ಷ ಹಿಂದಕ್ಕೆ ಹೋದರಾಯಿತು.

"ಸೀಸ ಬಾಯಲ್ಲಿಟ್ಕೋತಿದ್ರಾ? ಅಯ್ಯೋ, ವಿಷ ಅಲ್ವೇನ್ರೀ" ಅಂದಳು ಇವಳು, ಸೀರೆ ಒರೆಸಿಕೊಳ್ಳುತ್ತಾ. ಗುಂಡೇಟಿಗೆ ಎದೆಕೊಟ್ಟು ನಿಂತವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ ಅಂದೆ.

ಜೂನ್ 19, ಬುಧವಾರ

ಮೇಡಂ ಹತ್ತಿರ ಹೋದೆ. ಒಂದೇ ಉಸಿರಿಗೆ ಹೇಳಿದೆ. ಸ್ಟೋರಿನಲ್ಲಿ ಬತ್ತಿ ಬಂದೂಕಿನ ನಕಲು ಧೂಳು ತಿನ್ನುತ್ತಾ ಬಿದ್ದಿದೆ, ಅದನ್ನು ಕೊಡಿ ಅಂದೆ.

"ಅದು ದಡ್ಡ ಬಂದೂಕು, ಮಳೆ ಬಂದ್ರೆ ಬತ್ತಿ ಆರತ್ತೆ, ಇಬ್ಬನಿ ಬಿದ್ರೂ ಆರತ್ತೆ ಅಂತ ನೀವೇ ಅಂತಿದ್ರಿ?"

"ದಡ್ಡತನ ನನ್ನದು ಮೇಡಂ. ಬಂದೂಕಿನದಲ್ಲ."

ನಕ್ಕರು. ಷರತ್ತೂ ಹಾಕಿದರು: ಗುಂಡಿನ ಬದಲು ಒಣ ಬಟಾಣಿ, ಅದೂ ನಳಿಗೆಗಲ್ಲ, ಪಕ್ಕದ ಡಬ್ಬಕ್ಕೆ ಉಗಿಯಬೇಕು. ಬಾಯಿ ಖಾಲಿಯಾದಮೇಲೆಯೇ ಮದ್ದು. ಸೇಫ್ಟಿಯವರ ಮುಂದೆ ಒಂದು ಸಲ ಮಾಡಿ ತೋರಿಸಬೇಕು. ಒಪ್ಪಿದರೆ ಹನ್ನೊಂದರ ಡೆಮೊ ನನ್ನದು, ಮಿಕ್ಕೆರಡು ಮೀಸೆಯದು. ಮೀಸೆ ಬಾಗಿಲ ಹೊರಗೇ ಕಾದಿದ್ದ. ನನಗಿಂತ ಅವನಿಗೇ ಖುಷಿ. "ಸರ್, ಬಾಯೆಲ್ಲ ಉಪ್ಪುಪ್ಪು. ಊಟದ ರುಚೀನೇ ಹೋಯ್ತು. ನೀವು ಹೆಂಗೆ ತಡ್ಕೊಂಡ್ರಿ ಇಷ್ಟು ವರ್ಷ?"

ಜೂನ್ 27, ಗುರುವಾರ

ಪಾಸ್! ಬತ್ತಿ ಎರಡು ಸಲ ಆರಿತು. ಸೇಫ್ಟಿಯವರು ನನ್ನ ಬಾಯಿಯೊಳಗೆ ಟಾರ್ಚ್ ಬಿಟ್ಟು, ಅಲುಗುವ ಹಲ್ಲು ಇನ್ನೊಂದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಬಾಯಿ ತೆರೆದು ನಿಂತಿದ್ದಾಗ ಆ ಮಕ್ಕಳ ಸಾಲು ನೆನಪಾಯಿತು.

ಹೊಸ ಬೋರ್ಡೂ ನಾನೇ ಬರೆದೆ. "ಬತ್ತಿ ಬಂದೂಕಿನ ದಳ. ಮುಂದಿನ ಹಲ್ಲು ಬಿದ್ದವರಿಗೆ ಮಾತ್ರ ಪ್ರವೇಶ." ಚೋಟುವಿಗೆ ಓದಿ ಹೇಳಿದೆ. ಸೋಫಾದ ಮೇಲೆ ಹತ್ತಿ ಕುಣಿದಳು. ಆಗಿನಿಂದ ಬಟಾಣಿ ಅಭ್ಯಾಸ ನಡೆದಿದೆ. ಮನೆಯಲ್ಲಿ ಬರಿಗಾಲಲ್ಲಿ ಓಡಾಡುವ ಹಾಗಿಲ್ಲ.

ಜೂನ್ 30, ಭಾನುವಾರ, ಬೆಳಿಗ್ಗೆ

ಎದೆಪಟ್ಟಿ ಕಟ್ಟಿಕೊಂಡು ಕುಳಿತಿದ್ದೇನೆ. ಬುಡ್ಡಿಗಳು ಒಂದಕ್ಕೊಂದು ತಾಗಿ ಗಲಗಲ. ಇವಳು ಅಡ್ಡ ಬಂದು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿ ಕಾಣ್ತೀರ. ಬಾಯಿ ಮಾತ್ರ ಮುಚ್ಕೊಂಡಿರಿ" ಅಂದಳು. ಹೊಗಳಿಕೆ ಎಂದೇ ತೆಗೆದುಕೊಂಡೆ.

ಚೋಟು ಇಷ್ಟು ಹೊತ್ತಾದರೂ ಕೋಣೆಯಿಂದ ಬರಲಿಲ್ಲ. ಹೋಗಿ ನೋಡಿದೆ. ಕನ್ನಡಿ ಮುಂದೆ ನಿಂತು ಬಿಕ್ಕುತ್ತಿದ್ದಾಳೆ. ಏನಾಯಿತೇ ಅಂದರೆ ಬಾಯಿ ತೆರೆದಳು. ಕನ್ನಡಕ ಹಾಕಿಕೊಂಡು ಬಗ್ಗಿದೆ. ಮೇಲೆ, ಸಂದಿಯಲ್ಲಿ, ಅಕ್ಕಿಕಾಳಿನಷ್ಟು ಬಿಳಿ. ಹೊಸ ಹಲ್ಲು.

"ಬೋರ್ಡಲ್ಲಿ ಹಲ್ಲು ಇಲ್ದೋರಿಗೆ ಮಾತ್ರ ಅಂತಿದೆ. ನಾನು ಮತ್ತೆ ರಿಜೆಕ್ಟಾ ತಾತ?"

ಬೆರಳಿಟ್ಟು ನೋಡಿದೆ. ಗರಗಸದ ಹಾಗೆ ಚೂಪು. ಹಲ್ಲೇ, ಅನುಮಾನವಿಲ್ಲ. ಇಲ್ಲಿ ಬರೆಯುವಾಗ ಸುಳ್ಳು ಏಕೆ.

ಕನ್ನಡಕ ತೆಗೆದೆ. ಜೇಬಿಗೆ ಹಾಕಿಕೊಂಡೆ. ಮತ್ತೊಂದು ಸಲ ಬಗ್ಗಿ ಚೆನ್ನಾಗಿ ನೋಡಿದೆ.

"ನನಗೇನೂ ಕಾಣಿಸ್ತಿಲ್ಲಮ್ಮ. ಪಾಸ್."

ಈಗ ಬಾಗಿಲಲ್ಲಿ ನಿಂತು ಬೂಟು ನೆಲಕ್ಕೆ ಬಡಿಯುತ್ತಿದ್ದಾಳೆ. ಏನೋ ಕೂಗುತ್ತಿದ್ದಾಳೆ, ಅರ್ಥವಾಗುತ್ತಿಲ್ಲ. ಬಾಯಿತುಂಬ ಆಗಲೇ ಬಟಾಣಿ —